ಕಣದಲ್ಲಿ ಹಾಕಿದ ಕುರ್ಚಿ

ಆಕಸ್ಮಿಕ ಎನ್ನುವ ಪದ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮಣ್ಣನಿಗೆ ಬಲಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ಅದು ಯಾಕಿಲ್ಲ ಎಂದು ವಿವರಿಸಲು ಬರೆದ ಕಾಗದದಲ್ಲಿ ಇರುವ ಕಾರಣ ಆ ಒಂದೇ ಪದ. ಹೊಸದುರ್ಗದ ಕಡೆ ಒಂದು ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸುವ ಕೆಲಸ ನಡೆಯುತ್ತಿತ್ತು. ಅಣ್ಣ ಅಲ್ಲಿ ಹಗ್ಗ ಹಿಡಿಯುವವನಾಗಿದ್ದ. ಕ್ರೇನು ಎತ್ತಿದ ಸಾಮಾನು ಗಾಳಿಗೆ ಗಿರಗಿರ ತಿರುಗದಂತೆ ಕೆಳಗೆ ನಿಂತು ಹಗ್ಗದಿಂದ ಬಿಗಿಹಿಡಿಯುವ ಕೆಲಸ ಅದು. ಹಿಂದಿನ ದಿನವಷ್ಟೇ ಮಣ್ಣು ತುಂಬಿ ಮಟ್ಟ ಮಾಡಿದ ಜಾಗದಲ್ಲಿ ಕ್ರೇನಿನ ಒಂದು ಕಾಲನ್ನು ಊರಿದ್ದರು. ಅದರ ಕೆಳಗೆ ಹಾಕಿದ್ದ ಹಲಗೆ ಊಟದ ತಟ್ಟೆಗಿಂತ ಒಂದಿಷ್ಟು ದೊಡ್ಡದಿತ್ತು, ಅಷ್ಟೇ. ಕಾಲು ಮಣ್ಣಿಗೆ ಇಳಿಯಿತು, ಕ್ರೇನು ವಾಲಿತು, ಸಾಮಾನು ಬಿತ್ತು. ಅಣ್ಣ ಓಡಿದ, ಆದರೆ ಪೂರ್ತಿ ಓಡಲು ಆಗಲಿಲ್ಲ.

ಅದು ಹೊಸ ಮಣ್ಣು ಎಂದು ತುಂಬಿದವರಿಗೆ ಗೊತ್ತಿತ್ತು. ಹಲಗೆ ಸಣ್ಣದು ಎಂದು ಹಾಕಿದವರಿಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿದ್ದದ್ದು ಆಕಸ್ಮಿಕ ಹೇಗಾಗುತ್ತದೆ ಎಂದು ನಾನು ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು ಕೇಳಿದೆ. ಆಗ ಚಿತ್ರದುರ್ಗದಲ್ಲಿ ಡಿಪ್ಲೊಮಾ ಓದುತ್ತಿದ್ದೆ. ಕಾಗದ ತಂದಿದ್ದ ಮನುಷ್ಯ ನನ್ನ ಮುಖ ನೋಡದೆ, "ಏನ್ ಮಾಡದಮ್ಮ, ಹಣೆಬರಹ" ಅಂದ. ಹಣೆ ನಮ್ಮಣ್ಣನದು, ಬರೆದದ್ದು ಮಾತ್ರ ಅವರು. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ಓದು ಮುಗಿಸಿ ನಾನು ಕ್ರೇನಿನ ಕೆಲಸಕ್ಕೇ ಸೇರಿದೆ. ಮನೆಯಲ್ಲಿ ಎಲ್ಲರೂ ತಲೆ ಚಚ್ಚಿಕೊಂಡರು. ಕುರಿ ಕಾಯುವ ಮನೆತನ ನಮ್ಮದು, ಆದಿವಾಲದಿಂದ ಆಚೆಯ ಹಳ್ಳಿ. "ಕುರಿ ಹಿಂದೆ ಹೋದ್ರೂ ಚಿಂತಿಲ್ಲ, ಆ ಸೈತಾನಿನ ಹಿಂದೆ ಹೋಗ್ಬ್ಯಾಡ" ಅಂತ ಅವ್ವ ಮೂರು ದಿನ ಮಾತು ಬಿಟ್ಟಳು. ನಾನು ಹೋದೆ. ಬಿದ್ದ ಮೇಲೆ ಕಾಗದ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ಎತ್ತುವ ಮೊದಲು ಬರೆಯುವವರು ಒಬ್ಬರಾದರೂ ಇರಲಿ ಎಂಬುದು ನನ್ನ ಹಠವಾಗಿತ್ತು.

ಆ ಮೊದಲ ಕಾಗದಕ್ಕೆ ಸೈಟಿನಲ್ಲಿ ಲಿಫ್ಟ್ ಪ್ಲ್ಯಾನ್ ಅನ್ನುತ್ತಾರೆ. ಎತ್ತುವ ಸಾಮಾನಿನ ತೂಕ ಎಷ್ಟು, ಕ್ರೇನು ಎಷ್ಟು ದೂರಕ್ಕೆ ಕೈ ಚಾಚಬೇಕು, ಮೇಲೆ ಕರೆಂಟಿನ ತಂತಿ ಇದೆಯೇ, ಗಾಳಿ ಹೇಗಿದೆ, ಯಾರು ಎಲ್ಲಿ ನಿಲ್ಲಬೇಕು, ಯಾರು ಸನ್ನೆ ಮಾಡಬೇಕು, ಕೆಳಗಿನ ನೆಲ ಎಂಥದು, ಇದೆಲ್ಲ ಅದರಲ್ಲಿ ಇರಬೇಕು. ಎಲ್ಲ ನೋಡಿ ಕೊನೆಗೆ ನಾನು ಸಹಿ ಹಾಕಬೇಕು. ಆಮೇಲೆಯೇ ಕ್ರೇನು ಎತ್ತಬೇಕು.

ಇದು ದೊಡ್ಡ ವಿದ್ಯೆಯೇನಲ್ಲ. ತುಂಬಿದ ಬಿಂದಿಗೆಯನ್ನು ಸೊಂಟದ ಮೇಲಿಟ್ಟುಕೊಂಡು ಒಂದು ಮೈಲಿ ನಡೆಯಬಹುದು. ಅದೇ ಬಿಂದಿಗೆಯನ್ನು ಕೈ ಚಾಚಿ ಹಿಡಿಯಲು ಹೋದರೆ ನಾಲ್ಕು ಹೆಜ್ಜೆಗೆ ತೋಳು ಬೀಳುತ್ತದೆ. ಕ್ರೇನಿಗೂ ಹಾಗೇ, ಚಾಚಿದಷ್ಟೂ ಶಕ್ತಿ ಕಡಿಮೆ. ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ. ಎತ್ತುವಾಗ ಕ್ರೇನು ಗಾಲಿಗಳ ಮೇಲೆ ನಿಂತಿರುವುದೇ ಇಲ್ಲ. ನಾಲ್ಕು ಮೂಲೆಗೂ ಕಬ್ಬಿಣದ ಕಾಲು ಚಾಚಿ, ನೆಲಕ್ಕೆ ಊರಿ, ಗಾಲಿಗಳು ನೆಲ ಬಿಡುವಷ್ಟು ಮೈ ಎತ್ತಿಕೊಳ್ಳುತ್ತದೆ. ಸಾಮಾನು ಯಾವ ಕಾಲಿನ ಕಡೆ ತಿರುಗುತ್ತದೋ ಆ ಕಾಲಿನ ಮೇಲೆ ಹೆಚ್ಚುಕಡಿಮೆ ಎಲ್ಲ ಭಾರವೂ ಬರುತ್ತದೆ. ಆ ಹೊತ್ತಿನಲ್ಲಿ ಆ ಕಾಲಿನ ಕೆಳಗಿನ ಒಂದು ಗಜ ನೆಲ ಮೋಸ ಮಾಡಿದರೆ ಮುಗಿಯಿತು.

ನಮ್ಮ ಕಡೆ ಕ್ರೇನು ಎತ್ತುವ ಮೊದಲು ಪೂಜೆ ತಪ್ಪುವುದಿಲ್ಲ. ಗಾಲಿಗೊಂದು ನಿಂಬೆಹಣ್ಣು, ಮುಂದೊಂದು ತೆಂಗಿನಕಾಯಿ, ಕೊಕ್ಕೆಗೆ ಕುಂಕುಮ. ಗಾಲಿ ನೆಲದಲ್ಲೇ ಇರುವುದಿಲ್ಲ ಕಣ್ರೋ, ನಿಂಬೆಹಣ್ಣು ಇಡುವುದಾದರೆ ಕಾಲಿನ ಕೆಳಗಾದರೂ ಇಡಿ ಎಂದು ನಾನು ರೇಗಿಸುತ್ತೇನೆ. ಪೂಜೆ ಬೇಡ ಎಂದು ನಾನು ಯಾವತ್ತೂ ಹೇಳಿದವಳಲ್ಲ. ಆದರೆ ನಿಂಬೆಹಣ್ಣು ಮರೆಯದವರು ಹಲಗೆ ಮರೆತು ಬರುತ್ತಾರಲ್ಲ, ಅದಕ್ಕೆ ಜಗಳ ಆಡುತ್ತೇನೆ. ಸೈಟಿನ ಗಂಡಸರು ನನಗೆ ಇಟ್ಟ ಹೆಸರು ಕಾಗದದಕ್ಕ. "ಕಾಗದದಕ್ಕ ಬಂದ್ಲು, ಇನ್ನು ಊಟದ ತಂಕ ಕೆಲ್ಸ ಇಲ್ಲ, ಬೀಡಿ ಹಚ್ಚಾಣ" ಅನ್ನುತ್ತಾರೆ. ಹಚ್ಚಲಿ. ಎರಡು ಕಾಲಿನ ಮೇಲೆ ಮನೆಗೆ ಹೋದರೆ ನನಗೆ ಸಾಕು.

ಈಗ ಹೇಳುತ್ತಿರುವುದು ಹೊಳಲ್ಕೆರೆ ತಾಲೂಕಿನ ಒಂದು ಹಳ್ಳಿಯ ಸಂಗತಿ. ಊರ ಹೊರಗಿನ ಹಳ್ಳಕ್ಕೆ ಹೊಸ ಸೇತುವೆ ಕಟ್ಟುತ್ತಿದ್ದರು. ಉದ್ದನೆಯ ಕಬ್ಬಿಣದ ತೊಲೆಗಳನ್ನು ಎತ್ತಿ ಎರಡು ದಡದ ಕಂಬಗಳ ಮೇಲೆ ಕೂರಿಸಬೇಕಾಗಿತ್ತು. ಒಂದೊಂದು ತೊಲೆ ಇಪ್ಪತ್ತು ಟನ್ನಿಗೂ ಮೇಲೆ. ಕ್ರೇನು ನಿಲ್ಲಲು ಹಳ್ಳದ ಪಕ್ಕದಲ್ಲಿ ಇದ್ದ ಗಟ್ಟಿ ಜಾಗ ಒಂದೇ, ಒಬ್ಬ ಯಜಮಾನರ ಹಳೆಯ ಕಣ. ಒಕ್ಕಣೆಯೆಲ್ಲ ಯಂತ್ರಕ್ಕೆ ಹೋದ ಮೇಲೆ ಅವರು ಆ ಕಣವನ್ನು ಹಾಗೇ ಬಿಟ್ಟಿದ್ದರು, ಸಂಜೆ ಹೊತ್ತು ಕುರಿ ತರುಬಿ ನಿಲ್ಲಿಸುತ್ತಿದ್ದರು. ತಲೆಮಾರುಗಟ್ಟಲೆ ಸೆಗಣಿ ಸಾರಿಸಿ, ಎತ್ತು ತುಳಿದು, ರೋಣುಗಲ್ಲು ಹೊರಳಿದ ನೆಲ ಅದು. ಹಾರೆಯಿಂದ ಕುಕ್ಕಿದರೆ ಕೈ ಜುಮ್ಮೆನ್ನುತ್ತಿತ್ತು.

ನಾನು ಹೋಗುವ ಹೊತ್ತಿಗೆ ಬೆಳಗಿನ ಎಂಟು ಗಂಟೆ. ಕ್ರೇನು ಕಣದಲ್ಲಿ ಬಂದು ನಿಂತಿತ್ತು, ಕಾಲು ಇನ್ನೂ ಚಾಚಿರಲಿಲ್ಲ. ತೊಲೆ ಹೊತ್ತ ದೊಡ್ಡ ಲಾರಿ ರಸ್ತೆಗೆ ಅಡ್ಡವಾಗಿತ್ತು. ಮಧ್ಯಾಹ್ನ ಮೂರರ ತನಕ ಮಾತ್ರ ರಸ್ತೆ ಮುಚ್ಚಲು ಅನುಮತಿ ಸಿಕ್ಕಿತ್ತು. ಸೈಟಿನ ಮ್ಯಾನೇಜರು ನನಗಿಂತ ಚಿಕ್ಕ ವಯಸ್ಸಿನವನು, ಬೆಂಗಳೂರಿನ ಕಡೆಯವನು. ಕೆಟ್ಟವನಲ್ಲ, ಆದರೆ ಗಡಿಯಾರ ನೋಡಿ ನೋಡಿ ಕತ್ತು ಉಳುಕಿಸಿಕೊಂಡವನು. ಕ್ರೇನಿನ ಆಪರೇಟರು ಹಿರಿಯೂರಿನವರು, ಐವತ್ತು ದಾಟಿದವರು, ನನ್ನನ್ನು ತಂಗಿ ಎಂದೇ ಕರೆಯುವವರು. ಸನ್ನೆ ಮಾಡುವುದನ್ನು ನನಗೆ ಕಲಿಸಿದ್ದೇ ಅವರು. ಮನೆಯಲ್ಲಿ ಅವರ ಮಗಳ ಮದುವೆ ಗೊತ್ತಾಗಿತ್ತು. ಕ್ಯಾಬಿನ್ನಿನ ಕನ್ನಡಿಗೆ ಲಗ್ನಪತ್ರಿಕೆಯನ್ನು ಸಿಕ್ಕಿಸಿಕೊಂಡಿದ್ದರು.

ನಾನು ಮೊದಲು ಹುಡುಕಿದ್ದು ಕಣದ ಯಜಮಾನರನ್ನು. ಎಪ್ಪತ್ತೈದು ದಾಟಿದ ಮುದುಕ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಬೇಲಿಯ ಹತ್ತಿರ ನಿಂತು ಕ್ರೇನಿನ ಗಾಲಿಗಳನ್ನೇ ನೋಡುತ್ತಿದ್ದರು. ನಾನು ರಟ್ಟಿಗೆ ಸಿಕ್ಕಿಸಿದ ಕಾಗದ, ಪೆನ್ನು ಹಿಡಿದು ಹೋಗಿ ಕೇಳಿದೆ.

"ಯಜಮಾನ್ರೇ, ಈ ಕಣದಾಗೆ ಹಿಂದೆ ಬಾವಿ, ಗುಂಡಿ, ಹಗೇವು ಅಂತ ಏನಾರ ಇತ್ತಾ?"

"ಇಲ್ಲ" ಅಂದರು.

"ಯೋಚ್ನೆ ಮಾಡಿ ಹೇಳ್ರಿ."

"ಏನ್ ಯೋಚ್ನೆ ಮಾಡದು. ಏನೂ ಇಲ್ಲ. ಕಲ್ಲಿದ್ದಂಗೈತೆ ನೆಲ."

ಹಗೇವು ಅಂದರೆ ನೆಲದೊಳಗಿನ ಕಣಜ. ಹಿಂದಿನವರು ಜೋಳ, ರಾಗಿ ಕೂಡಿಡುತ್ತಿದ್ದದ್ದು ಅದರಲ್ಲಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಗುಡಾಣದಂತೆ ಅಗಲ, ಆಳ ಎರಡಾಳು. ಕಾಳು ತುಂಬಿ ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಮಣ್ಣೆಳೆದು, ಕಣದ ಸಮಕ್ಕೆ ಸಾರಿಸಿಬಿಟ್ಟರೆ ಅಲ್ಲೊಂದು ಹಗೇವು ಇದೆ ಎಂದು ಯಾರಿಗೂ ತಿಳಿಯುವಂತಿರಲಿಲ್ಲ. ಅದು ತಿಳಿಯಬಾರದು ಎಂದೇ ಹಾಗೆ ಮಾಡುತ್ತಿದ್ದರು. ನಮ್ಮ ಅಜ್ಜಿ ಮನೆಯಲ್ಲೂ ಒಂದಿತ್ತು. ಮದುವೆಯಾಗಿ ಬಂದ ಎಷ್ಟೋ ವರ್ಷ ತನಗೇ ಹೇಳಿರಲಿಲ್ಲ ಎಂದು ಅಜ್ಜಿ ಸಾಯುವ ತನಕ ಗಂಡನನ್ನು ಆಡಿಕೊಳ್ಳುತ್ತಿದ್ದಳು. ಆಮೇಲೆ ತಾನೂ ಸೊಸೆಯರಿಗೆ ಹೇಳಲಿಲ್ಲ.

ಹಾಗಾಗಿ ಯಜಮಾನರ ಉತ್ತರ ನನಗೆ ಸಮಾಧಾನ ಕೊಡಲಿಲ್ಲ. ಕಣವನ್ನು ಸುತ್ತು ಹಾಕಿದೆ. ಕ್ರೇನಿನ ನಾಲ್ಕು ಕಾಲು ಎಲ್ಲೆಲ್ಲಿ ಊರುತ್ತವೆ ಎಂದು ಅಳೆದು ಸುಣ್ಣದಲ್ಲಿ ಗುರುತು ಹಾಕಿದೆ. ಹಳ್ಳದ ಕಡೆಯ ಎಡಗಾಲು ಎಲ್ಲಕ್ಕಿಂತ ಮುಖ್ಯ, ತೊಲೆ ತಿರುಗುವುದೇ ಅದರ ಮೇಲೆ. ಹಾರೆ ತಗೊಂಡು ನಾಲ್ಕೂ ಕಡೆ ಕುಟ್ಟಿದೆ. ಸದ್ದೆಲ್ಲ ಒಂದೇ ಥರ. ಕಾಗದದಲ್ಲಿ ನೆಲ ಗಟ್ಟಿ ಎಂದು ಬರೆಯಲು ಪೆನ್ನು ತೆಗೆದವಳು ಹಾಗೇ ನಿಂತೆ.

ಯಜಮಾನರ ಮನೆಯಿಂದ ಕಣ ದಾಟಿ ಹಳ್ಳಕ್ಕೆ ಹೋಗಲು ಒಂದು ಕಾಲುದಾರಿ ಇತ್ತು. ದಿನಾ ನಡೆದು ನಡೆದು ಬೆಳ್ಳಗಾದ ದಾರಿ. ಮನೆಯಿಂದ ನೆಟ್ಟಗೆ ಬರುತ್ತಿತ್ತು, ಕಣದ ನಡುವೆ ಒಂದು ಕಡೆ ಸುಮ್ಮನೆ ಬಳಸಿಕೊಂಡು ಆಚೆಗೆ ಹೋಗಿ ಮತ್ತೆ ನೆಟ್ಟಗಾಗುತ್ತಿತ್ತು. ಅಲ್ಲಿ ಕಲ್ಲಿಲ್ಲ, ಗಿಡವಿಲ್ಲ, ತಗ್ಗಿಲ್ಲ. ಬಟಾಬಯಲು. ನೀರಿನ ಕೊಡ ಹೊತ್ತವರು ಏನೂ ಇಲ್ಲದ ಜಾಗವನ್ನು ಯಾಕೆ ಬಳಸಿಕೊಂಡು ಹೋಗುತ್ತಾರೆ? ನನ್ನ ಸುಣ್ಣದ ಗುರುತು ಸರಿಯಾಗಿ ಆ ಬಳಸಿನ ಒಳಗಡೆ ಇತ್ತು.

ಮ್ಯಾನೇಜರನ್ನು ಕರೆದು ತೋರಿಸಿದೆ. ಇಲ್ಲಿ ಜೆಸಿಬಿ ತರಿಸಿ ಆಳಕ್ಕೆ ತೋಡಿಸಿ ನೋಡಬೇಕು, ಅಲ್ಲಿಯ ತನಕ ಸಹಿ ಹಾಕುವುದಿಲ್ಲ ಎಂದೆ. ಅವನು ನನ್ನನ್ನೂ ಆ ದಾರಿಯನ್ನೂ ಎರಡು ಸಲ ನೋಡಿದ.

"ಮೇಡಂ, ದಾರಿ ಸೊಟ್ಟಗಿದೆ ಅಂತ ಲಿಫ್ಟ್ ನಿಲ್ಲಿಸ್ತೀರಾ? ಇದನ್ನ ನಾನು ಆಫೀಸಿಗೆ ಏನಂತ ಹೇಳ್ಲಿ?"

"ದಾರಿ ಸೊಟ್ಟಗಿದೆ ಅಂತಲೇ ಹೇಳಿ."

"ಜಾಗದ ಓನರೇ ಏನೂ ಇಲ್ಲ ಅಂತಿದಾರಲ್ಲ!"

"ಅವರು ಹೇಳಿದ್ದನ್ನ ಬರ್ಕಂಡಿದೀನಿ. ಅವರು ನಡೆದಿದ್ದನ್ನೂ ನೋಡಿದೀನಿ."

ಜೆಸಿಬಿ ಬರಲು ಎರಡು ಗಂಟೆ, ತೋಡಿ ಮುಚ್ಚಿ ಗಟ್ಟಿ ಮಾಡಲು ಇನ್ನರ್ಧ ದಿನ, ರಸ್ತೆಯ ಅನುಮತಿ ಮತ್ತೆ ಸಿಗಲು ಒಂದು ವಾರ ಎಂದು ಅವನು ಬೆರಳು ಮಡಿಸುತ್ತಾ ಹೇಳಿದ. ಹಲಗೆ ಇನ್ನೂ ದೊಡ್ಡದು ಹಾಕೋಣ ಎಂದ. ಟೊಳ್ಳಿನ ಮೇಲೆ ಎಷ್ಟು ದೊಡ್ಡ ಹಲಗೆ ಹಾಕಿದರೇನು ಎಂದೆ. ಆಪರೇಟರಣ್ಣನೂ ಇಳಿದು ಬಂದರು. ಅವರಿಗೂ ಬೇಗ ಮುಗಿಸಿ ಮನೆ ಸೇರುವ ಆತುರ, ಮದುವೆ ಮನೆಯಲ್ಲವೇ.

"ಎತ್ತಿ ಬಿಡಾಣ ಬಾ ತಂಗಿ. ನಾನು ನಿಧಾನಕ್ಕೆ ಎತ್ತೀನಿ. ವಾಲಿದ್ರೆ ಗೊತ್ತಾಗತೈತೆ ನನಗೆ."

"ಗೊತ್ತಾದ ಮೇಲೆ ಏನ್ ಮಾಡ್ತೀಯಣ್ಣ? ಕ್ಯಾಬಿನ್ನು ಆ ಕಡೇನೇ ಐತೆ."

ಅವರು ನನ್ನ ಮೇಲೆ ಸಿಟ್ಟಾಗಿ ಕ್ರೇನಿನ ಹತ್ತಿರ ಹೋಗಿ ಸುಮ್ಮನೆ ಗಾಲಿ ಒರೆಸತೊಡಗಿದರು.

ಮ್ಯಾನೇಜರು ಫೋನ್ ಮಾಡಿದ. ಆಫೀಸಿನವರು ನನ್ನನ್ನು ಕೇಳಿದರು, ನಾನು ಅದನ್ನೇ ಹೇಳಿದೆ. ನಿಮಗೆ ಮೊದಲಿಂದಲೂ ಇದೇ ಆಯಿತು, ಅಣ್ಣನ ಕಥೆಯನ್ನು ಎಲ್ಲ ಸೈಟಿಗೂ ಹೊತ್ತು ತರುತ್ತೀರಿ ಎಂದು ಆ ಕಡೆಯ ಧ್ವನಿ ಅಂದಿತು. ಹೌದು, ತರುತ್ತೇನೆ. ಅವನಿಗೆ ನಡೆಯಲು ಕಷ್ಟ, ಅದಕ್ಕೇ ನಾನು ಹೊತ್ತುಕೊಂಡು ಬರುತ್ತೇನೆ ಎಂದೆ. ಆ ಕಡೆ ಫೋನ್ ಇಟ್ಟರು. ಹತ್ತು ನಿಮಿಷಕ್ಕೆ ಮ್ಯಾನೇಜರು ಬಂದು, ಚಿತ್ರದುರ್ಗದಿಂದ ಬೇರೆ ಇಂಜಿನಿಯರು ಹೊರಟಿದ್ದಾರೆ, ಸಹಿ ಅವರೇ ಹಾಕುತ್ತಾರೆ, ನೀವು ಮನೆಗೆ ಹೋಗಬಹುದು ಎಂದ. ಹೇಳುವಾಗ ಅವನ ಮುಖ ಸಣ್ಣಗಾಗಿತ್ತು. ನಾಳೆಯಿಂದ ನನಗೆ ಕೆಲಸ ಇರುವುದಿಲ್ಲ ಎಂಬುದು ನಮ್ಮಿಬ್ಬರಿಗೂ ತಿಳಿಯಿತು.

ಭಯವಾಯಿತು, ಸುಳ್ಳು ಹೇಳುವುದಿಲ್ಲ. ಕೆಲಸ ಹೋದರೆ ಹೇಗೆ ಎಂಬ ಭಯ ಒಂದು. ಒಂದು ವೇಳೆ ಅಲ್ಲಿ ನಿಜವಾಗಿಯೂ ಏನೂ ಇಲ್ಲದಿದ್ದರೆ, ಸೊಟ್ಟ ದಾರಿ ಕಂಡು ಕ್ರೇನು ನಿಲ್ಲಿಸಿದ ಹುಚ್ಚಿ ಎಂದು ನಾಲ್ಕು ತಾಲೂಕಿನಲ್ಲಿ ನಗುತ್ತಾರಲ್ಲ ಎಂಬ ಭಯ ಇನ್ನೊಂದು. ಆದರೆ ಬರುವ ಇಂಜಿನಿಯರಿಗೆ ಆ ದಾರಿ ಕಾಣುವುದಿಲ್ಲ, ಅಷ್ಟು ಹೊತ್ತಿಗೆ ಕ್ರೇನಿನ ಕಾಲು ಅದನ್ನು ಮುಚ್ಚಿರುತ್ತದೆ. ಕ್ಯಾಬಿನ್ನಿನ ಕನ್ನಡಿಯಲ್ಲಿ ಸಿಕ್ಕಿಸಿದ ಲಗ್ನಪತ್ರಿಕೆ ಗಾಳಿಗೆ ಅಲ್ಲಾಡುತ್ತಿತ್ತು. ನನಗೆ ಎಲ್ಲಿಂದ ರೋಷ ಬಂತೋ, ಶೆಡ್ಡಿನ ಮುಂದಿದ್ದ ಕೆಂಪು ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಸುಣ್ಣದ ಗುರುತಿನ ನಟ್ಟನಡುವೆ ಹಾಕಿ ಕೂತುಬಿಟ್ಟೆ.

"ಏನಿದು ಮೇಡಂ?"

"ಕಾಲು ಊರುವುದಾದರೆ ನನ್ನ ತಲೆ ಮೇಲೆ ಊರಿ."

ಕೂಲಿಯವರು ಬೀಡಿ ಆರಿಸಿ ಸುತ್ತ ನಿಂತರು. ಒಬ್ಬ ನಕ್ಕ, ಇನ್ನೊಬ್ಬ ಮೊಬೈಲು ತೆಗೆದ. ಮ್ಯಾನೇಜರು ಬೇಡಿಕೊಂಡ, ಬೈದ, ಮತ್ತೆ ಬೇಡಿಕೊಂಡ. ಬಿಸಿಲು ಏರುತ್ತಿತ್ತು. ನಾನು ತಲೆ ಮೇಲೆ ಸೆರಗು ಹೊದ್ದುಕೊಂಡು ಕಾಲ ಮೇಲೆ ಕಾಲು ಹಾಕಿಕೊಂಡೆ. ಅಷ್ಟು ಸೊಕ್ಕಿನಿಂದ ನಾನು ಅವತ್ತಿನ ತನಕ ಎಲ್ಲಿಯೂ ಕೂತಿರಲಿಲ್ಲ.

ಅರ್ಧ ಗಂಟೆ ಕಳೆದಿರಬೇಕು. ಮನೆಯ ಕಡೆಗೆ ಹೋಗಿದ್ದ ಯಜಮಾನರು ಕುರಿಗೆ ಸೊಪ್ಪು ತಗೊಂಡು ವಾಪಸು ಬಂದರು. ಜನ ಗುಂಪುಗೂಡಿದ್ದನ್ನು ನೋಡಿ ಹತ್ತಿರ ಬಂದವರು ನಾನು ಕೂತ ಜಾಗ ಕಂಡದ್ದೇ ಸೊಪ್ಪು ಬಿಸಾಡಿ ಓಡಿ ಬಂದರು. ಆ ವಯಸ್ಸಿನಲ್ಲಿ ಅಷ್ಟು ಜೋರಾಗಿ ಓಡುವುದನ್ನು ನಾನು ನೋಡಿರಲಿಲ್ಲ.

"ಏಳವ್ವ! ಅಲ್ಲಿ ಕುಂತ್ಕಬ್ಯಾಡ, ಎದ್ದೇಳು!"

"ಯಾಕಜ್ಜ? ಕಲ್ಲಿದ್ದಂಗೈತೆ ಅಂದ್ರಲ್ಲ."

"ನಿನ್ನ ಕಾಲಿಗೆ ಬೀಳ್ತೀನಿ, ಈಚೆಗೆ ಬಾ ಮೊದ್ಲು."

ಕೋಲು ಕೆಳಗೆ ಹಾಕಿ ನನ್ನ ರಟ್ಟೆ ಹಿಡಿದು ಎಬ್ಬಿಸಿ ಕಾಲುದಾರಿಯ ಆಚೆಗೆ ಎಳೆದುಕೊಂಡು ಹೋದರು. ಸುತ್ತ ನಿಂತವರಲ್ಲಿ ಒಬ್ಬರೂ ನಗಲಿಲ್ಲ. ಆಗ ನಾನು ಪೆನ್ನನ್ನೂ ಕಾಗದವನ್ನೂ ಕೂಲಿಯವನೊಬ್ಬನ ಕೈಗೆ ಕೊಟ್ಟು, ಬರಿಗೈಯಲ್ಲಿ ಅವರ ಪಕ್ಕ ನೆಲದ ಮೇಲೆ ಕೂತೆ. ನನ್ನ ತಪ್ಪು ನನಗೆ ಆಗ ಹೊಳೆದಿತ್ತು. ಹಗೇವು ಎಲ್ಲಿದೆ ಎಂದು ಪೆನ್ನು ಹಿಡಿದು ಕೇಳಿದರೆ ಈ ನಾಡಿನ ಯಾವ ಮುದುಕ ಹೇಳಿಯಾನು? ಅವರ ಅಪ್ಪನ ಕಾಲದಲ್ಲಿ ಹಾಗೆ ಕೇಳುತ್ತಾ ಬರುತ್ತಿದ್ದವರು ಸರ್ಕಾರದ ಲೆಕ್ಕಕ್ಕೆ ಕಾಳು ಎತ್ತಿಕೊಂಡು ಹೋಗಲು ಬಂದವರು.

"ಹಗೇವಾ ಅಜ್ಜ?"

ಅವರು ತಲೆ ಆಡಿಸಿದರು. ನೆಲ ನೋಡುತ್ತಲೇ ಮಾತಾಡಿದರು.

"ನಮ್ಮಪ್ಪ ಆಣೆ ಹಾಕಿಸ್ಕಂಡಿದ್ದ, ಯಾರಿಗೂ ತೋರಿಸ್ಬ್ಯಾಡ ಅಂತ. ಈಗ ಅದ್ರಾಗೆ ಒಂದು ಕಾಳೂ ಇಲ್ಲ. ಆದ್ರೂ ಹೇಳಾಕೆ ಬಾಯಿ ಬರಲಿಲ್ಲ ಕಣವ್ವ. ನನ್ನ ಮಕ್ಳಿಗೂ ಹೇಳಿಲ್ಲ, ಅಲ್ಲಿ ತುಳೀಬ್ಯಾಡ್ರಿ ಅಂದಿದ್ದೆ ಅಷ್ಟೇ. ಗಾಡಿ ಗಾಲಿ ಈ ಕಡೆ ಅವೆ, ಅದ್ರ ಮ್ಯಾಲೆ ಬರಲ್ಲ ಬಿಡು ಅಂತ ಬೆಳಗಿಂದ ಕಾಯ್ಕಂಡು ನಿಂತಿದ್ದೆ."

ಅವರಿಗೆ ಗಾಲಿಗಳು ಗೊತ್ತಿದ್ದವು. ಕ್ರೇನಿಗೆ ಕಾಲು ಬರುತ್ತವೆ ಎಂದು ಯಾರೂ ಅವರಿಗೆ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಸುಣ್ಣದ ಗುರುತು ಹಾಕುವಾಗ ಅವರು ಮನೆಯ ಕಡೆ ಹೋಗಿದ್ದರು.

ಮೊಳದಷ್ಟು ಮಣ್ಣು ತೆಗೆದ ಮೇಲೆ ಚಪ್ಪಡಿ ಸಿಕ್ಕಿತು. ಅಡ್ಡಕ್ಕೆ ಬಿರುಕು ಬಿಟ್ಟಿತ್ತು. ಹಾರೆ ಹಾಕಿ ಮೀಟಿ ಪಕ್ಕಕ್ಕೆ ಸರಿಸಿದಾಗ ಹಳೆಯ ಹುಲ್ಲಿನ ಮುಗ್ಗು ವಾಸನೆ ಬಂತು, ಕತ್ತಲು ಕಂಡಿತು. ಮ್ಯಾನೇಜರಿಗೆ ಫೋಟೋ ಬೇಕು, ಆಳ ಬೇಕು. ಟೇಪು ಹಿಡಿದು ಇಳಿ ಎಂದು ಒಬ್ಬ ಕೂಲಿಯವನಿಗೆ ಹೇಳಿಯೂ ಬಿಟ್ಟ. ಆತ ಪಂಚೆ ಎತ್ತಿ ಕಟ್ಟುವಷ್ಟರಲ್ಲಿ ಯಜಮಾನರು ಬಾಯಿಗೆ ಅಡ್ಡ ನಿಂತರು.

"ಯಾರೂ ಇಳೀಬ್ಯಾಡ್ರಿ. ದೀಪ ತರ್ತೀನಿ ತಡೀರಿ."

"ಟಾರ್ಚ್ ಇದೆ ಯಜಮಾನ್ರೇ" ಅಂದ ಮ್ಯಾನೇಜರು.

"ಬೆಳಕಿಗಲ್ಲಪ್ಪ."

ಮನೆಯಿಂದ ಲಾಟೀನು ತಂದು ಹಚ್ಚಿ, ಹಗ್ಗ ಕಟ್ಟಿ ಒಳಗೆ ಇಳಿಬಿಟ್ಟರು. ಮಟಮಟ ಬಿಸಿಲಿನಲ್ಲಿ ನಾವೆಲ್ಲ ಬಗ್ಗಿ ನೋಡುತ್ತಾ ನಿಂತೆವು. ಅರ್ಧ ಆಳಕ್ಕೆ ಹೋಗುತ್ತಿದ್ದಂತೆ ದೀಪ ಸಣ್ಣಗಾಗಿ ಆರಿಹೋಯಿತು. ಎಷ್ಟೋ ವರ್ಷ ಮುಚ್ಚಿದ ಹಗೇವಿನಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ, ದೀಪ ಆರುವ ಕಡೆ ಮನುಷ್ಯನೂ ಆರುತ್ತಾನೆ. ಯಜಮಾನರು ಹಗ್ಗ ಮೇಲೆಳೆದುಕೊಂಡು, "ನಾಳಿಕ್ಕೆ ಮತ್ತೆ ಬಿಟ್ಟು ನೋಡಾಣ. ದೀಪ ಉರುದ್ರೆ ಇಳೀರಿ, ಇಲ್ದಿದ್ರೆ ಇಲ್ಲ" ಅಂದರು. ನನ್ನ ಆರು ಪುಟದ ಕಾಗದದ ಸಾರವೆಲ್ಲ ಆ ಮಾತಿನಲ್ಲಿತ್ತು. ಓದು ಬರಹ ಬಾರದ ಆ ಮನುಷ್ಯನಿಗೆ ಅವತ್ತು ಮ್ಯಾನೇಜರು ಒಂದೂ ಎದುರು ಮಾತಾಡಲಿಲ್ಲ.

ಆಪರೇಟರಣ್ಣ ಎಲ್ಲರಿಗಿಂತ ಕೊನೆಗೆ ಬಂದರು. ಹಗೇವಿನ ಬಾಯಿ ನೋಡಿದರು, ತಿರುಗಿ ಕ್ರೇನಿನ ಕ್ಯಾಬಿನ್ನು ನೋಡಿದರು, ನಡುವಿನ ದೂರವನ್ನು ಕಣ್ಣಲ್ಲೇ ಅಳೆದರು. ಆಮೇಲೆ ಕ್ಯಾಬಿನ್ನಿಗೆ ಹತ್ತಿ ಕನ್ನಡಿಯಿಂದ ಲಗ್ನಪತ್ರಿಕೆ ಬಿಡಿಸಿ ತಂದು ನನ್ನ ಕೈಯಲ್ಲಿಟ್ಟರು. "ನಾಕು ದಿನ ಮುಂಚೇನೇ ಬರ್ಬೇಕು ನೀನು. ಚಪ್ಪರ ಹಾಕೋರು ಕಂಬ ಎಲ್ಲೆಲ್ಲೋ ನೆಡ್ತಾರೆ, ನೋಡ್ಕಬೇಕು" ಅಂದರು. ನಾನು ನಕ್ಕೆ, ಕಣ್ಣಲ್ಲಿ ನೀರೂ ಬಂತು.

ಚಿತ್ರದುರ್ಗದಿಂದ ಬಂದ ಇಂಜಿನಿಯರು ಗುಂಡಿಯನ್ನು ನೋಡಿ, ಸಹಿ ಹಾಕದೆ, ಕಾಫಿ ಕುಡಿದು ವಾಪಸು ಹೋದರು. ಕ್ರೇನು ಆವತ್ತು ತೊಲೆ ಎತ್ತಲಿಲ್ಲ. ಹಗೇವಿಗೆ ಕಲ್ಲು ಜಲ್ಲಿ ತುಂಬಿಸಿದೆವು, ಆದರೂ ಅದರ ಮೇಲೆ ಕಾಲು ಊರಲು ನಾನು ಬಿಡಲಿಲ್ಲ. ಕ್ರೇನನ್ನೇ ಪಕ್ಕಕ್ಕೆ ಸರಿಸಿ, ಲೆಕ್ಕವನ್ನೆಲ್ಲ ಮೊದಲಿಂದ ಹಾಕಿ, ನಾಲ್ಕು ಕಾಲಿನ ಜಾಗವನ್ನೂ ತೋಡಿಸಿ ನೋಡಿ, ಒಂಬತ್ತನೇ ದಿನ ತೊಲೆ ಕೂರಿಸಿದೆವು. ಎತ್ತುವ ಮುನ್ನ ಯಾರೋ ಕಾಲಿನ ಹಲಗೆಯ ಮೇಲೆ ಒಂದೊಂದು ನಿಂಬೆಹಣ್ಣು ಇಟ್ಟಿದ್ದರು. ನಾನೇನೂ ಅನ್ನಲಿಲ್ಲ.

ಜಗಳ ಅಲ್ಲಿಗೆ ಮುಗಿಯಲಿಲ್ಲ. ಆಫೀಸಿಗೆ ವರದಿ ಹೋಗಬೇಕಿತ್ತು. ಮ್ಯಾನೇಜರು ತಾನೇ ಟೈಪು ಮಾಡಿ ತಂದ, ಪಾಪ, ನನ್ನ ಕೆಲಸ ಉಳಿಸಲೆಂದೇ ತಂದಿದ್ದ. ಮೊದಲ ಸಾಲಿನಲ್ಲೇ ಇತ್ತು: ಕೆಲಸದ ಸ್ಥಳದಲ್ಲಿ ಆಕಸ್ಮಿಕವಾಗಿ ಹಳೆಯ ಹಗೇವು ಪತ್ತೆಯಾಯಿತು. ನಾನು ಪೆನ್ನು ತೆಗೆದು ಆ ಪದವನ್ನು ಹೊಡೆದು ಹಾಕಿದೆ.

"ಮತ್ತೆ ಏನಂತ ಬರೀಬೇಕು ಮೇಡಂ?"

"ಹುಡುಕಿದ್ದರಿಂದ ಸಿಕ್ಕಿತು ಅಂತ ಬರೀರಿ."

"ಹಾಗೆ ಬರೆದ್ರೆ, ಹುಡುಕದೆ ಎತ್ತಲಿಕ್ಕೆ ಹೊರಟವರು ಯಾರು ಅಂತ ಕೇಳ್ತಾರೆ."

"ಕೇಳಲಿ ಅಂತಲೇ."

ಅವನು ಕೊನೆಗೆ ನಾನು ಹೇಳಿದಂತೆಯೇ ತಿದ್ದಿ, ಕೆಳಗೆ ತನ್ನ ಸಹಿಯನ್ನೂ ಹಾಕಿದ. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಹೊಗಳಲೂ ಇಲ್ಲ ಅನ್ನಿ. ಕುರ್ಚಿಯಲ್ಲಿ ಕೂತ ನನ್ನ ಫೋಟೋ ಮಾತ್ರ ಎಲ್ಲರ ಮೊಬೈಲಿನಲ್ಲಿ ಓಡಾಡಿತು.

ಆ ವರದಿಯ ಒಂದು ಪ್ರತಿಯನ್ನು ಹಿಡಿದು ಹಿರಿಯೂರಿಗೆ ಹೋದೆ. ಹೆದ್ದಾರಿಯ ಪಕ್ಕದಲ್ಲಿ ಅಣ್ಣನದು ಪಂಕ್ಚರ್ ಅಂಗಡಿ. ಕೃತಕ ಕಾಲು ಬಿಸಿಲಿಗೆ ಉರಿ ಮಾಡುತ್ತದೆ ಎಂದು ಬಿಚ್ಚಿ ಗೋಡೆಗೆ ಒರಗಿಸಿ, ಲಾರಿಯ ಟ್ಯೂಬಿಗೆ ಗಾಳಿ ತುಂಬುತ್ತಿದ್ದ. ಕೈಯ ಕಪ್ಪು ಒರೆಸಿಕೊಂಡು ಕಾಗದ ತಗೊಂಡ. ಒಂದೊಂದೇ ಸಾಲನ್ನು ಬೆರಳಿಟ್ಟು ಓದಿದ. ಕುರ್ಚಿಯ ಸಾಲು ಬಂದಾಗ ತಲೆ ಎತ್ತಿದ.

"ಟೊಳ್ಳೈತೆ ಅಂತ ಅನುಮಾನ ಇದ್ದಾಗ ಅದ್ರ ಮ್ಯಾಲೇ ಕುಂತಿದ್ದೆಯಲ್ಲೇ. ಅದೂ ನಿನ್ನ ಪ್ಲ್ಯಾನ್‌ನಾಗೆ ಇತ್ತೇನು?"

ಇರಲಿಲ್ಲ. ಅದೊಂದು ತಪ್ಪು ಎಂದು ಒಪ್ಪಿಕೊಂಡೆ. ಆ ಚಪ್ಪಡಿ ಬಿರುಕು ಬಿಟ್ಟಿತ್ತು ಎಂಬುದನ್ನೂ ಹೇಳಿದೆ. ಅಣ್ಣ ಬೈಯುತ್ತಾನೆ ಎಂದುಕೊಂಡೆ. ಅವನು ಬೈಯಲಿಲ್ಲ. ಮತ್ತೆ ಮೊದಲ ಪುಟಕ್ಕೆ ಹೋಗಿ, ನಾನು ಪದ ಹೊಡೆದು ತಿದ್ದಿಸಿದ ಸಾಲನ್ನು ಎರಡನೇ ಸಲ ಓದಿದ. ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಲೇ ಇದ್ದವು.

"ಅವತ್ತು ಗುಡ್ಡದ ಮ್ಯಾಲೆ ಹಿಂಗೆ ಹಠ ಮಾಡ್ಕಂಡು ಕುಂತ್ಕಳೋರು ಒಬ್ರೂ ಇರ್ಲಿಲ್ಲ ನೋಡು" ಅಂದ.

ಮಾರನೇ ದಿನ ಬೆಳಗ್ಗೆ ಜೋಗಿಮಟ್ಟಿಯ ಈಚೆ ಇನ್ನೊಂದು ಕಡೆ ಕ್ರೇನು ನಿಲ್ಲುವುದಿತ್ತು, ಹೊರಡುತ್ತೇನೆ ಎಂದೆದ್ದೆ. ಅಣ್ಣ ಕಾಲು ತೊಟ್ಟುಕೊಂಡು ಹೊರಗೆ ಬಂದ. ಗಿರಾಕಿಗಳಿಗೆಂದು ಅಂಗಡಿಯ ಮುಂದೆ ಹಾಕಿದ್ದ ಎರಡು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಒಂದನ್ನು ಎತ್ತಿ ನನ್ನ ಸ್ಕೂಟರಿನ ಹಿಂದೆ ಇಟ್ಟು, ಹಳೆಯ ಟ್ಯೂಬು ಸೀಳಿದ ಪಟ್ಟಿಯಿಂದ ಬಿಗಿಯಾಗಿ ಕಟ್ಟಿದ.

"ತಗಂಡೋಗು. ಎಲ್ಲಾ ಸೈಟ್ನಾಗೂ ಕುರ್ಚಿ ಸಿಗಲ್ಲ."